ಟಿಕೆಟ್ಟಿನಲ್ಲಿ ಯಾವ ಸ್ಟೇಷನ್ ಅಂತ ಬರೆದಿದೆ, ಮೊದಲು ನೋಡಿ

ಹೋದ ಶ್ರಾವಣದಲ್ಲಿ ನಮ್ಮ ಓರಗಿತ್ತಿಯ ಮಗಳು, ಅವಳ ಗಂಡ, ಇಬ್ಬರು ಮಕ್ಕಳು, ನಾಲ್ಕು ಸೂಟ್‌ಕೇಸು, ಒಂದು ಚಕ್ಕುಲಿ ಡಬ್ಬ, ಇಷ್ಟೂ ಮೆಜೆಸ್ಟಿಕ್ಕಿನ ರೈಲ್ವೆ ಸ್ಟೇಷನ್ನಿಗೆ ಹೋಗಿ ಇಳಿದವು. ಗಾಡಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬೇಗ ಬಂದೆವಲ್ಲ ಎಂಬ ಸಮಾಧಾನದಲ್ಲಿ ಮಕ್ಕಳಿಗೆ ಹಾಲು ಕೊಡಿಸಿ, ಬೋರ್ಡಿನ ಮುಂದೆ ನಿಂತು ನೋಡಿದರೆ ಅವರ ಗಾಡಿಯ ಹೆಸರೇ ಇಲ್ಲ. ವಿಚಾರಣೆಯ ಕಿಟಕಿಯಲ್ಲಿ ಕೇಳಿದಾಗ ಗೊತ್ತಾಯಿತು, ಆ ಗಾಡಿ ಹೊರಡುವುದು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ. ಟಿಕೆಟ್ಟಿನ ಮೇಲೆ ಅದನ್ನೇ ಬರೆದಿತ್ತು. ಒಂದೂವರೆ ತಿಂಗಳಿಂದ ಆ ಟಿಕೆಟ್ಟು ಮೊಬೈಲಿನಲ್ಲೇ ಇತ್ತು, ಒಬ್ಬರೂ ಓದಿರಲಿಲ್ಲ. ಸಂಜೆಯ ಆ ಟ್ರಾಫಿಕ್ಕಿನಲ್ಲಿ ಮೆಜೆಸ್ಟಿಕ್ಕಿನಿಂದ ಬೈಯಪ್ಪನಹಳ್ಳಿ ಸೇರುವ ಹೊತ್ತಿಗೆ ಗಾಡಿ ಯಾವಾಗಲೋ ಹೊರಟುಹೋಗಿತ್ತು. ರಾತ್ರಿ ಹನ್ನೊಂದಕ್ಕೆ ನಮ್ಮ ಮನೆಗೆ ಬಂದು ಕೂತ ಆ ಹುಡುಗಿಯ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತು ನಾನು ಬೈಯಲಿಲ್ಲ, ಅನ್ನ ಸಾರು ಬಡಿಸಿದೆ. ಇವತ್ತು ನಿಮಗೆಲ್ಲ ಸೇರಿಸಿ ಒಂದಿಷ್ಟು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳದೆ ಕೇಳಿ.

ಬೆಂಗಳೂರಿನಲ್ಲಿ ರೈಲು ಹತ್ತುವುದು ಅಂದರೆ ಮೆಜೆಸ್ಟಿಕ್ಕಿಗೆ ಹೋಗುವುದು ಅಂತ ನಿಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಕಾಲದಲ್ಲಿ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಈಗ ಹಾಗಿಲ್ಲ. ಹೊರಡುವ ಸ್ಟೇಷನ್ನುಗಳು ಐದಾರು ಇವೆ. ಟಿಕೆಟ್ಟಿನಲ್ಲಿ ಎಸ್‌ಬಿಸಿ ಅಂತ ಇದ್ದರೆ ಅದು ಮೆಜೆಸ್ಟಿಕ್ಕಿನ ಎದುರಿಗಿರುವ ದೊಡ್ಡ ನಿಲ್ದಾಣ, ಅಂದರೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ. ಹೆಸರು ಬದಲಾದರೂ ಹಳೆಯ ಅಕ್ಷರಗಳು ಹಾಗೇ ಉಳಿದಿವೆ, ಗಾಬರಿಯಾಗಬೇಡಿ. ಬಿಎನ್‌ಸಿ ಅಂದರೆ ದಂಡು, ಕಂಟೋನ್ಮೆಂಟ್ ಸ್ಟೇಷನ್. ವೈಪಿಆರ್ ಅಂದರೆ ಯಶವಂತಪುರ. ಎಸ್‌ಎಂವಿಬಿ ಅಂದರೆ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್, 2022ರ ಜೂನ್‌ನಲ್ಲಿ ಶುರುವಾದದ್ದು, ಪೂರ್ತಿ ಏಸಿ ಇರುವ ನಿಲ್ದಾಣ. ಕೆಜೆಎಂ ಅಂದರೆ ಕೃಷ್ಣರಾಜಪುರ. ಈ ಐದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಹೇಳಿದ್ದು ಇಂಥದಕ್ಕೇ. ಟಿಕೆಟ್ ತೆಗೆದ ದಿನ ಒಂದು ಸಲ ಓದಿ, ಹೊರಡುವ ಹಿಂದಿನ ರಾತ್ರಿ ಇನ್ನೊಂದು ಸಲ ಓದಿ. ಆಟೊದವರಿಗೂ ಬರೀ "ರೈಲ್ವೆ ಸ್ಟೇಷನ್" ಅನ್ನಬೇಡಿ. ನೀವು ಹಾಗೆ ಅಂದರೆ ಅವರು ಸೀದಾ ಮೆಜೆಸ್ಟಿಕ್ಕಿಗೆ ಬಿಡುತ್ತಾರೆ, ತಪ್ಪು ಅವರದಲ್ಲ.

ವಾಪಸ್ ಬರುವಾಗಲೂ ಇದೇ ಎಚ್ಚರಿಕೆ ಇರಲಿ. ಹೋದದ್ದು ಯಶವಂತಪುರದಿಂದ ಅಂದಮಾತ್ರಕ್ಕೆ ಬರುವ ಗಾಡಿಯೂ ಅಲ್ಲಿಗೇ ಬರಬೇಕೆಂದಿಲ್ಲ. ಕರೆದುಕೊಂಡು ಬರಲು ಹೋಗುವ ಅಳಿಯನಿಗೆ ಗಾಡಿಯ ನಂಬರು ಮತ್ತು ಸ್ಟೇಷನ್ನಿನ ಹೆಸರು ಎರಡನ್ನೂ ಕಳಿಸಿ. "ಬೆಳಿಗ್ಗೆ ಆರಕ್ಕೆ ಬರ್ತೀವಿ" ಅಂತಷ್ಟೇ ಹೇಳಿದರೆ ಪಾಪ ಅವನು ಎಲ್ಲಿಗೆ ಅಂತ ಓಡಬೇಕು?

ಒಂದು ಊರಿಗೆ ಇಷ್ಟೊಂದು ಸ್ಟೇಷನ್ನು ಯಾಕೆ ಅಂತ ನೀವು ಕೇಳಬಹುದು. ಇದು ಇವತ್ತಿನ ವಿಷಯವಲ್ಲ, ಮೊದಲಿನಿಂದಲೂ ಬೆಂಗಳೂರಿನಲ್ಲಿ ಎರಡು ಊರುಗಳಿದ್ದವು. ಒಂದು ಕೆಂಪೇಗೌಡರ ಪೇಟೆ. ಇನ್ನೊಂದು 1809ರಲ್ಲಿ ಬ್ರಿಟಿಷರು ಸೈನ್ಯಕ್ಕಾಗಿ ಮಾಡಿಕೊಂಡ ದಂಡು. ಆಡಳಿತ ಬೇರೆ, ಭಾಷೆ ಬೇರೆ, ಮಾರುಕಟ್ಟೆ ಬೇರೆ. ರೈಲು ಮೊದಲು ಬಂದದ್ದು ದಂಡಿಗೆ. 1864ರಲ್ಲಿ ಮದರಾಸ್ ರೈಲ್ವೆ ಕಂಪನಿಯವರು ಜೋಲಾರ್‌ಪೇಟೆಯಿಂದ ಹಳಿ ಎಳೆದು ತಂದು ದಂಡಿನಲ್ಲಿ ನಿಲ್ಲಿಸಿದರು. ಸೈನ್ಯಕ್ಕೆ, ದೊರೆಗಳಿಗೆ ಬೇಕಾಗಿದ್ದು ಅದು. ಪೇಟೆಯವರು ರೈಲು ಹತ್ತಬೇಕೆಂದರೆ ನಾಲ್ಕೈದು ಕಿಲೋಮೀಟರು ದಂಡಿನವರೆಗೆ ಹೋಗಬೇಕಿತ್ತು. ಇವತ್ತಿಗೂ ಆ ನಿಲ್ದಾಣಕ್ಕೆ ಕನ್ನಡದಲ್ಲಿ ಬೆಂಗಳೂರು ದಂಡು ಅಂತಲೇ ಹೆಸರು. ಈ ಎರಡು ಊರುಗಳೂ ಒಂದೇ ನಗರಪಾಲಿಕೆಯ ಕೆಳಗೆ ಬಂದದ್ದು 1949ರಲ್ಲಿ. ನಮ್ಮತ್ತೆಯವರು ಕೊನೆಯವರೆಗೂ "ದಂಡಿಗೆ ಹೋಗಿ ಬರ್ತೀನಿ" ಅನ್ನುತ್ತಿದ್ದರು, ಬೇರೆ ಊರಿಗೆ ಹೋಗುವವರ ಹಾಗೆ.

ಪೇಟೆಯ ಪಕ್ಕಕ್ಕೆ ರೈಲು ಬಂದ ಕಥೆ ಮಾತ್ರ ದುಃಖದ್ದು. ಅದನ್ನು ನೀವು ತಿಳಿದಿರಬೇಕು. 1876ರಿಂದ 1878ರವರೆಗೆ ಮೈಸೂರು ಸೀಮೆಯಲ್ಲಿ ಘೋರ ಬರ ಬಿತ್ತು. ಧಾತು ಸಂವತ್ಸರದಲ್ಲಿ ಹಿಡಿದ ಬರ ಈಶ್ವರ ಸಂವತ್ಸರದಲ್ಲೂ ಬಿಡಲಿಲ್ಲ. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಆ ಬರದಲ್ಲಿ ಹಸಿದ ಜನಕ್ಕೆ ಕೂಲಿ ಕೊಡಬೇಕೆಂದು ಕೈಗೆತ್ತಿಕೊಂಡ ಕೆಲಸಗಳಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಹಳಿ ಹಾಕುವುದೂ ಒಂದು. ಹಳ್ಳಿ ಬಿಟ್ಟು ಬಂದವರು ಮಣ್ಣು ಹೊತ್ತು, ಕಲ್ಲು ಒಡೆದು ಕಟ್ಟಿದ ದಾರಿ ಅದು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಮೇಲೆ ಹಾದು 1882ರಲ್ಲಿ ಮೈಸೂರು ಮುಟ್ಟಿತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ವಾಪಸ್ ಬಂದಾಗ ದಿವಾನರಾದ ರಂಗಾಚಾರ್ಲು ಅವರಿಗೆ ರೈಲಿನ ಮೇಲೆ ತುಂಬ ನಂಬಿಕೆ. ಬರ ಬಂದಾಗ ಕಾಳು ಇರುವ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿ ಇದ್ದರೆ ಜನ ಉಳಿಯುತ್ತಾರೆ ಅಂತ ಬರದ ಆ ಎರಡು ವರ್ಷದಲ್ಲಿ ಎಲ್ಲರೂ ಕಲಿತಿದ್ದರು. ನೀವು ವಂದೇ ಭಾರತ್‌ನಲ್ಲಿ ಕೂತು ಎರಡು ಗಂಟೆಯಲ್ಲಿ ಮೈಸೂರು ತಲುಪುವಾಗ, ಹಳಿಯ ಕೆಳಗಿನ ಆ ಏರಿಯ ಕಡೆ ಒಂದು ಸಲ ನೋಡಿ. ತಿಂದು ಉಳಿದ ಅನ್ನವನ್ನು ಕಿಟಕಿಯಿಂದ ಆಚೆ ಎಸೆಯುವ ಕೈ ತಾನಾಗಿಯೇ ತಡೆಯುತ್ತದೆ.

ಮೈಸೂರಿನ ದಾರಿ ಬಂದಮೇಲೆ ಪೇಟೆಯ ಪಕ್ಕದ ಸಿಟಿ ಸ್ಟೇಷನ್ನೇ, ಅಂದರೆ ಈಗಿನ ಮೆಜೆಸ್ಟಿಕ್ಕಿನದೇ, ದೊಡ್ಡದಾಗುತ್ತಾ ಹೋಯಿತು. ದಂಡಿನಲ್ಲಿ ನಿಂತಿದ್ದ ಮದರಾಸಿನ ಹಳಿಯನ್ನೂ ಇಲ್ಲಿಯವರೆಗೆ ತಂದು ಸೇರಿಸಿದರು. ತುಮಕೂರು, ತಿಪಟೂರಿನ ಕಡೆ ಇನ್ನೊಂದು ದಾರಿ ಹೊರಟು 1889ರ ಹೊತ್ತಿಗೆ ಹರಿಹರ ತಲುಪಿ, ಮುಂದೆ ಹುಬ್ಬಳ್ಳಿ, ಪುಣೆಗಳಿಗೆ ಕೂಡಿಕೊಂಡಿತು. ಹಿಂದೂಪುರದ ಮೇಲೆ ಗುಂತಕಲ್ಲಿಗೆ ಮತ್ತೊಂದು. ಆದರೆ ಒಂದು ತೊಡಕಿತ್ತು. ಮದರಾಸಿನ ಕಡೆಯದು ಅಗಲ ಹಳಿ, ಮೈಸೂರು, ಹುಬ್ಬಳ್ಳಿಯ ಕಡೆಯದು ಮೀಟರ್ ಗೇಜ್. ಒಂದು ಗಾಡಿ ಇನ್ನೊಂದರ ಹಳಿಯ ಮೇಲೆ ಓಡುವ ಹಾಗಿಲ್ಲ. ಮದರಾಸಿನಿಂದ ಬಂದ ಮೂಟೆಯನ್ನು ಇಲ್ಲಿ ಇಳಿಸಿ, ಆ ಕಡೆಯ ಗಾಡಿಗೆ ಹೊರಬೇಕು. ಪ್ರಯಾಣಿಕರೂ ಇಲ್ಲಿ ಇಳಿದು ಪ್ಲಾಟ್‌ಫಾರಂ ಬದಲಿಸಬೇಕು. ನೂರು ವರ್ಷಕ್ಕಿಂತ ಹೆಚ್ಚು ಕಾಲ ಹೀಗೇ ನಡೆಯಿತು. 1990ರ ದಶಕದಲ್ಲಿ ಮೈಸೂರು, ಹುಬ್ಬಳ್ಳಿಯ ದಾರಿಗಳು ಅಗಲ ಹಳಿಗೆ ಬದಲಾದ ಮೇಲೆಯೇ ಈ ಕಷ್ಟ ತಪ್ಪಿದ್ದು. ಈಗ ನೀವು ಮೈಸೂರಿನಲ್ಲಿ ಹತ್ತಿ, ಬೆಂಗಳೂರಿನಲ್ಲಿ ನಿದ್ದೆಯನ್ನೂ ಕೆಡಿಸಿಕೊಳ್ಳದೆ ಚೆನ್ನೈನಲ್ಲಿ ಇಳಿಯುತ್ತೀರಿ. 2022ರ ನವೆಂಬರ್ 11ರಂದು ದಕ್ಷಿಣದ ಮೊದಲ ವಂದೇ ಭಾರತ್ ಓಡಿದ್ದೂ ಇದೇ ಮೈಸೂರು–ಚೆನ್ನೈ ದಾರಿಯಲ್ಲಿ.

ಈ ಸಿಟಿ ನಿಲ್ದಾಣದ ಮುಂದಿನ ರಸ್ತೆಗೆ ಗುಬ್ಬಿ ತೋಟದಪ್ಪ ರಸ್ತೆ ಅಂತ ಹೆಸರು. ಆ ಪುಣ್ಯಾತ್ಮರು ರೈಲಿಳಿದು ಬರುವ ಪರವೂರಿನವರಿಗೆ ತಂಗಲು ಜಾಗವಿಲ್ಲ ಅಂತ ಕಂಡು, ತಮ್ಮ ದುಡಿಮೆಯ ದುಡ್ಡಿನಲ್ಲಿ ನಿಲ್ದಾಣದ ಎದುರಿಗೇ ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ಅದು ಶುರುವಾಯಿತು. ಓದಲು ಬಂದ ಹಳ್ಳಿಯ ಹುಡುಗರಿಗೂ ಅಲ್ಲಿ ಆಶ್ರಯ ಸಿಕ್ಕಿತು. ಪರವೂರಿನಿಂದ ಬಂದವರು ರಾತ್ರಿ ಎಲ್ಲಿ ತಲೆ ಇಡುತ್ತಾರೆ ಅಂತ ಯೋಚಿಸಿದ ಮನುಷ್ಯನ ಹೆಸರಿನ ರಸ್ತೆ ಅದು. ಅಲ್ಲಿ ನಿಂತು ದಾರಿ ಕೇಳುವ ಮುದುಕರಿಗೆ "ಗೊತ್ತಿಲ್ಲ" ಅಂತ ಮುಖ ತಿರುಗಿಸಿ ನಡೆಯಬೇಡಿ. ಎರಡು ನಿಮಿಷ ನಿಂತು ಹೇಳಿ.

ರಸ್ತೆ ದಾಟಿದರೆ ಬಸ್ ನಿಲ್ದಾಣ. ಅದು ಮೊದಲು ಧರ್ಮಾಂಬುಧಿ ಎಂಬ ಕೆರೆ, ಪೇಟೆಯ ಜನ ಕುಡಿಯುತ್ತಿದ್ದುದು ಅದರ ನೀರನ್ನು. ಕೆರೆ ಬತ್ತಿ ಮೈದಾನವಾಯಿತು, ಸಭೆಗಳು ನಡೆಯುವ ಸುಭಾಷ್ ನಗರ ಮೈದಾನವಾಯಿತು, ಆಮೇಲೆ ಬಸ್ ನಿಲ್ದಾಣವಾಯಿತು. ಆ ಬದಿಯ ಸಿನಿಮಾ ಟಾಕೀಸಿನ ಹೆಸರು ಇಡೀ ಪ್ರದೇಶಕ್ಕೆ ಅಂಟಿಕೊಂಡು ಮೆಜೆಸ್ಟಿಕ್ ಆಯಿತು. ಟಾಕೀಸು ಹೋಯಿತು, ಹೆಸರು ಉಳಿಯಿತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅನ್ನುತ್ತಾರಲ್ಲ, ಆ ಕೆರೆಯಂಗಳಕ್ಕೆ ಈಗಲೂ ಎಲ್ಲರೂ ಬರುತ್ತಾರೆ, ನೀರಿಗಲ್ಲ, ಬಸ್ಸಿಗೆ. ಬಿಎಂಟಿಸಿ ಒಂದು ಕಡೆ, ಕೆಎಸ್‌ಆರ್‌ಟಿಸಿ ಇನ್ನೊಂದು ಕಡೆ, ಅಡಿಯಲ್ಲಿ ಮೆಟ್ರೊ. ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಹೋಗಲು ನೆಲದಡಿಯ ಸಬ್‌ವೇ ಇದೆ. ದಯವಿಟ್ಟು ಅದರಲ್ಲೇ ಹೋಗಿ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಬ್ಯಾಗು ಎಳೆದುಕೊಂಡು, ಬಸ್ಸುಗಳ ನಡುವೆ ನುಗ್ಗುವವರನ್ನು ನೋಡಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಹತ್ತು ಮೆಟ್ಟಿಲು ಇಳಿದು ಹತ್ತುವುದಕ್ಕೆ ಸೋಮಾರಿತನ ಪಟ್ಟು ಬಸ್ಸಿನ ಚಕ್ರದ ಮುಂದೆ ಹೋಗುವುದು ಯಾವ ಜಾಣತನ?

ಈಗ ಮೆಟ್ರೊ ವಿಷಯ. ಇದರಲ್ಲಿ ತುಂಬ ಜನ ಸುಮ್ಮನೆ ಒದ್ದಾಡುತ್ತೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ. ರೈಲ್ವೆ ನಿಲ್ದಾಣಕ್ಕೆ ಎರಡು ಬಾಗಿಲು. ಮುಂದಿನದು ಮೆಜೆಸ್ಟಿಕ್ಕಿನ ಕಡೆ, ಅಲ್ಲಿಂದ ಒಳಗೆ ಹೋದರೆ ಒಂದನೇ ಪ್ಲಾಟ್‌ಫಾರಂ. ಹಿಂದಿನದು ಓಕಳೀಪುರ, ಮಾಗಡಿ ರಸ್ತೆಯ ಕಡೆ, ಹತ್ತನೇ ಪ್ಲಾಟ್‌ಫಾರಮ್ಮಿನ ಹತ್ತಿರ. ಮೆಟ್ರೊದಲ್ಲೂ ಹಾಗೆಯೇ ಎರಡು ನಿಲ್ದಾಣ. ನೇರಳೆ, ಹಸಿರು ಎರಡೂ ಮಾರ್ಗ ಕೂಡುವ ನಾಡಪ್ರಭು ಕೆಂಪೇಗೌಡ ನಿಲ್ದಾಣ ಮೆಜೆಸ್ಟಿಕ್ಕಿನದು. ಅದರ ಮುಂದಿನದು, ನೇರಳೆ ಮಾರ್ಗದಲ್ಲಿ ಮಾಗಡಿ ರಸ್ತೆಗಿಂತ ಮೊದಲು ಸಿಗುವುದು, ರೈಲ್ವೆ ನಿಲ್ದಾಣದ ಹೆಸರಿನದೇ ಮೆಟ್ರೊ ನಿಲ್ದಾಣ. ವಿಜಯನಗರ, ಕೆಂಗೇರಿ ಕಡೆಯಿಂದ ಬರುವವರು ಮೆಜೆಸ್ಟಿಕ್ಕಿನವರೆಗೆ ಹೋಗಿ, ಅಲ್ಲಿನ ಜನಸಾಗರದಲ್ಲಿ ಈಜಿ, ವಾಪಸ್ ನಡೆದು ಬರುವುದು ಬೇಕೇ? ಒಂದು ನಿಲ್ದಾಣ ಮೊದಲೇ ಇಳಿದು ಹಿಂದಿನ ಬಾಗಿಲಿನ ಕಡೆಯಿಂದ ಒಳಗೆ ಹೋಗಿ. ಜಯನಗರ, ಮಲ್ಲೇಶ್ವರ, ಬನಶಂಕರಿಯವರು ಹಸಿರು ಮಾರ್ಗದಲ್ಲಿ ಬಂದು ಮೆಜೆಸ್ಟಿಕ್ಕಿನಲ್ಲಿ ಇಳಿಯಬೇಕು. ಬ್ಯಾಗು ಹಗುರವಾಗಿದ್ದರೆ ಅಲ್ಲಿಂದ ನಡೆಯಿರಿ, ಭಾರವಿದ್ದರೆ ನೇರಳೆಗೆ ಬದಲಿಸಿ ಒಂದು ನಿಲ್ದಾಣ ಹೋಗಿ. ಒಳಗೆ ಪ್ಲಾಟ್‌ಫಾರಂ ದಾಟಲು ಸಬ್‌ವೇ, ಮೇಲ್ಸೇತುವೆ ಎರಡೂ ಇವೆ. ಒಂದರಿಂದ ಹತ್ತಕ್ಕೆ ಹೋಗುವುದು ಅಂದರೆ ಅದು ಒಂದು ಸಣ್ಣ ಪ್ರಯಾಣವೇ. ಹತ್ತು ನಿಮಿಷ ಅದಕ್ಕೆಂದೇ ಎತ್ತಿಡಿ.

ಬೆಳಗಿನ ಗಾಡಿ ಹಿಡಿಯುವವರೇ, ಭಾನುವಾರ ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ ಶುರುವಾಗುತ್ತದೆ. ಶನಿವಾರ ರಾತ್ರಿಯೇ ಇದನ್ನು ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಐದಕ್ಕೆ ಮುಚ್ಚಿದ ಬಾಗಿಲ ಮುಂದೆ ನಿಂತು ಆಟೊ ಹುಡುಕಿದರೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ದೊಡ್ಡ ದೊಡ್ಡ ಟ್ರಂಕುಗಳನ್ನು ಮೆಟ್ರೊದಲ್ಲಿ ಬಿಡುವುದಿಲ್ಲ, ಅಂಥ ಸಾಮಾನಿದ್ದರೆ ಮೊದಲೇ ಟ್ಯಾಕ್ಸಿ ಹೇಳಿಡಿ. ವಿಮಾನ ನಿಲ್ದಾಣಕ್ಕೆ ಹೋಗಬೇಕಾದವರು ರೈಲಿಳಿದು ಟ್ಯಾಕ್ಸಿಯವರ ಬಾಯಿಗೆ ಬೀಳಬೇಡಿ, ಕೆಂಪೇಗೌಡ ಬಸ್ ನಿಲ್ದಾಣದಿಂದ ವಾಯುವಜ್ರ ಬಸ್ಸು ಇದೆ, ಸಾಮಾನು ಇಡಲು ಜಾಗವೂ ಇದೆ. ಮೈಸೂರು ರಸ್ತೆಯ ಬಸ್ಸುಗಳು ಬಹುಪಾಲು ಸ್ಯಾಟಲೈಟ್ ನಿಲ್ದಾಣದಿಂದ, ತಮಿಳುನಾಡು, ಕೇರಳದ ಕಡೆಯವು ಶಾಂತಿನಗರದಿಂದ ಹೊರಡುತ್ತವೆ. ಎಲ್ಲವೂ ಮೆಜೆಸ್ಟಿಕ್ಕಿನಲ್ಲೇ ಸಿಗುತ್ತದೆ ಅಂತ ಅಂದುಕೊಂಡು ಬರಬೇಡಿ. ಯಶವಂತಪುರಕ್ಕೆ ಹಸಿರು ಮಾರ್ಗದ ಮೆಟ್ರೊ ಹತ್ತಿರ. ಕೃಷ್ಣರಾಜಪುರಕ್ಕೆ ನೇರಳೆ. ಬೈಯಪ್ಪನಹಳ್ಳಿಯ ಟರ್ಮಿನಲ್ಲಿಗೆ ಮಾತ್ರ ಮೆಟ್ರೊ ಬಾಗಿಲವರೆಗೆ ಹೋಗುವುದಿಲ್ಲ. ಬೈಯಪ್ಪನಹಳ್ಳಿ ಮೆಟ್ರೊದಲ್ಲಿ ಇಳಿದು ಬಸ್ಸೋ ಆಟೊವೋ ಹಿಡಿಯಬೇಕು, ಹೆಸರು ಒಂದೇ ಅಂತ ಸಾಮಾನು ಹೊತ್ತು ನಡೆದು ಹೊರಟರೆ ಗಾಡಿ ತಪ್ಪುತ್ತದೆ.

ಇನ್ನೊಂದು ತಪ್ಪು ನೀವು ಮಾಡುವುದು, ಮೆಜೆಸ್ಟಿಕ್ಕಿನಿಂದ ಟಿಕೆಟ್ ತೆಗೆದು "ದಂಡು ಹತ್ತಿರ, ಅಲ್ಲೇ ಹತ್ತೋಣ" ಅನ್ನುವುದು. ನಿಮ್ಮ ಸೀಟಿನಲ್ಲಿ ನೀವಿಲ್ಲ ಅಂತ ಟಿಕೆಟ್ ಪರಿಶೀಲಕರು ಗುರುತು ಹಾಕಿಕೊಂಡು ಇನ್ನೊಬ್ಬರಿಗೆ ಕೊಟ್ಟರೆ ನೀವು ಜಗಳಕ್ಕೆ ನಿಲ್ಲುತ್ತೀರಿ. ಹತ್ತುವ ನಿಲ್ದಾಣವನ್ನು ಬದಲಿಸಿಕೊಳ್ಳುವ ಅವಕಾಶ ಇದೆ, ಹಿಂದಿನ ದಿನವೇ ಬದಲಿಸಿ, ನೆಮ್ಮದಿಯಾಗಿ ಹತ್ತಿರದಲ್ಲೇ ಹತ್ತಿ. ವೇಟಿಂಗ್ ಲಿಸ್ಟಿನ ಟಿಕೆಟ್ ಹಿಡಿದುಕೊಂಡು ಕಾಯ್ದಿರಿಸಿದ ಬೋಗಿಗೆ ನುಗ್ಗುವುದೂ ಬೇಡ. ರಾತ್ರಿ ಪೂರ್ತಿ ಬಾಗಿಲ ಬಳಿ ಕೂತು ಹೋಗುವ ಆ ಪಾಡು ಯಾರಿಗೆ ಬೇಕು? ಸಾಮಾನ್ಯ ಟಿಕೆಟ್ಟಿಗೆ ಕೌಂಟರಿನ ಸಾಲು ಉದ್ದ ಇರುತ್ತದೆ, ಮೊಬೈಲಿನಲ್ಲೇ ತೆಗೆದುಕೊಳ್ಳಲು ಮಕ್ಕಳಿಂದ ಕಲಿತುಕೊಳ್ಳಿ. ಕಳಿಸಲು ಹೋಗುವವರು ಹತ್ತು ರೂಪಾಯಿಯ ಪ್ಲಾಟ್‌ಫಾರಂ ಟಿಕೆಟ್ ತೆಗೆದೇ ಒಳಗೆ ಹೋಗಿ, ಅದಕ್ಕೆ ಎರಡು ಗಂಟೆ ಅವಧಿ. ಹತ್ತು ರೂಪಾಯಿ ಉಳಿಸಲು ಹೋಗಿ ಕನಿಷ್ಠ ಇನ್ನೂರೈವತ್ತು ರೂಪಾಯಿ ದಂಡ ಕಟ್ಟಿ, ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಲ್ಲಬೇಡಿ. ಇನ್ನು, ಒಬ್ಬರು ಊರಿಗೆ ಹೋದರೆ ಇಡೀ ವಠಾರವೇ ಕಳಿಸಲು ಬರಬೇಕೇ? ಇಬ್ಬರು ಸಾಕು. ಹಬ್ಬದ ಹಿಂದಿನ ದಿನ ಆ ಪ್ಲಾಟ್‌ಫಾರಂ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಸಾಮಾನಿನ ವಿಷಯದಲ್ಲಿ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅನ್ನುವುದು ದುಡ್ಡಿಗಷ್ಟೇ ಅಲ್ಲ, ಕೈಗೂ ಅನ್ವಯಿಸುತ್ತದೆ. ಒಬ್ಬೊಬ್ಬರು ಎಷ್ಟು ಹೊರಬಲ್ಲಿರೋ ಅಷ್ಟೇ ತನ್ನಿ. ಹೊರಲಾರದಿದ್ದರೆ ಕೆಂಪು ಅಂಗಿಯವರನ್ನು ಕರೆಯಿರಿ. "ಏಯ್ ಕೂಲಿ" ಅಂತ ಕೂಗಬೇಡಿ, "ಅಣ್ಣಾ" ಅನ್ನಿ. ದರವನ್ನು ಮೊದಲೇ ಮಾತಾಡಿ, ಆಮೇಲೆ ಗಾಡಿ ಬಿಡುವ ಹೊತ್ತಿನಲ್ಲಿ ಚೌಕಾಸಿ ಮಾಡಬೇಡಿ. ನಿಮ್ಮ ಮೂವತ್ತು ಕಿಲೋ ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿದವರ ಹತ್ತಿರ ಹತ್ತು ರೂಪಾಯಿಗೆ ಜಗಳ ತೆಗೆಯುವುದು ಮರ್ಯಾದೆಯಲ್ಲ. ಬ್ಯಾಗುಗಳನ್ನು ಎಣಿಸಿ. ಮನೆ ಬಿಡುವಾಗ, ಆಟೊ ಇಳಿಯುವಾಗ, ಗಾಡಿ ಹತ್ತಿದ ಮೇಲೆ, ಮೂರು ಸಲ. ಮಾಂಗಲ್ಯದ ಸರ ಕಾಣುವ ಹಾಗೆ ಕಿಟಕಿಯ ಪಕ್ಕ ಕೂತು ನಿದ್ದೆ ಮಾಡಬೇಡಿ. ಮೊಬೈಲನ್ನು ಚಾರ್ಜಿಗೆ ಹಾಕಿ ಶೌಚಾಲಯಕ್ಕೆ ಹೋಗಬೇಡಿ. ಆಮೇಲೆ ಅಯ್ಯೋ ಅಂದರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಏನಾದರೂ ತೊಂದರೆಯಾದರೆ 139ಕ್ಕೆ ಫೋನ್ ಮಾಡಿ, ಸುಮ್ಮನೆ ಕೂತು ಕಣ್ಣೀರು ಹಾಕಬೇಡಿ. ಬಾಯಿದ್ದವನು ಬರದಲ್ಲೂ ಬದುಕಿದ, ನೀವು ಒಂದು ಫೋನಿಗೆ ಯಾಕೆ ಹಿಂಜರಿಯುತ್ತೀರಿ? ಜನರ ನಡುವೆ ಒಂಟಿಯಾಗಿ ಅಳುವ ಮಗುವನ್ನು ಕಂಡರೆ ನೋಡಿಯೂ ನೋಡದ ಹಾಗೆ ಹೋಗಬೇಡಿ. 1098ಕ್ಕೆ ಹೇಳಿ, ಇಲ್ಲವೇ ರೈಲ್ವೆ ಪೊಲೀಸರಿಗೆ ಒಪ್ಪಿಸಿ. ಮನೆ ಬಿಟ್ಟು ಬಂದ ಮಕ್ಕಳು ಮೊದಲು ಇಳಿಯುವುದು ಇಂಥ ದೊಡ್ಡ ಸ್ಟೇಷನ್ನಿನಲ್ಲೇ.

ಹಳಿ ದಾಟುವವರಿಗೆ ಮಾತ್ರ ನನ್ನ ಮೆತ್ತಗಿನ ಮಾತಿಲ್ಲ. ಮೇಲ್ಸೇತುವೆ ಕಣ್ಣೆದುರಿಗೇ ಇರುತ್ತದೆ, ಆದರೂ ಪ್ಲಾಟ್‌ಫಾರಮ್ಮಿನಿಂದ ಕೆಳಗೆ ಹಾರಿ, ಹಳಿಯ ಮೇಲೆ ಓಡಿ, ಆ ಕಡೆ ಹತ್ತುತ್ತೀರಿ. ಕಾನೂನಿನ ಪ್ರಕಾರ ಅದಕ್ಕೆ ಆರು ತಿಂಗಳವರೆಗೆ ಸೆರೆಯಾಗಬಹುದು, ಸಾವಿರ ರೂಪಾಯಿವರೆಗೆ ದಂಡ ಬೀಳಬಹುದು. ದಂಡ ಹೋಗಲಿ, ವಿದ್ಯುತ್ ಗಾಡಿ ಬರುವಾಗ ಹಳೆಯ ಉಗಿಬಂಡಿಯ ಹಾಗೆ ಸದ್ದು ಮಾಡುವುದಿಲ್ಲ ಅನ್ನುವುದು ನೆನಪಿರಲಿ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹಳಿ ದಾಟುವ ಹುಡುಗರನ್ನು ನೋಡಿದಾಗ, ಇವರ ಅಮ್ಮಂದಿರು ಈಗ ಮನೆಯಲ್ಲಿ ಏನು ಮಾಡುತ್ತಿದ್ದಾರೋ ಅನ್ನಿಸುತ್ತದೆ. ಓಡುವ ಗಾಡಿ ಹತ್ತಬೇಡಿ, ಓಡುವ ಗಾಡಿಯಿಂದ ಇಳಿಯಬೇಡಿ. ಬಾಗಿಲಲ್ಲಿ ನೇತಾಡಿ ಫೋಟೊ ತೆಗೆಸಿಕೊಳ್ಳಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಈ ಗಾಡಿ ಹೋದರೆ ಮೈಸೂರಿಗೆ ಇನ್ನೊಂದು ಇದ್ದೇ ಇದೆ. ಸರಪಳಿ ಎಳೆಯುವುದು ಬೆಂಕಿ ಬಿದ್ದಾಗ, ಯಾರಾದರೂ ಕೆಳಗೆ ಬಿದ್ದಾಗ, ಮಗು ಪ್ಲಾಟ್‌ಫಾರಮ್ಮಿನಲ್ಲಿ ಉಳಿದುಹೋದಾಗ. ಚಿಕ್ಕಪ್ಪ ಕಾಫಿ ತರಲು ಇಳಿದಿದ್ದಾರೆ ಅಂತ ಎಳೆಯುವುದಕ್ಕಲ್ಲ.

ಉಗುಳುವುದನ್ನೂ ಬಿಡಿ. ಹೊಸದಾಗಿ ಬಳಿದ ಗೋಡೆಯ ಮೂಲೆ ನೋಡಿದರೆ ನಿಮಗೆ ಅದೇನು ಸೆಳೆತವೋ ಕಾಣೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ ಅದು ಬಂದದ್ದೂ ರೈಲಿನ ದಾರಿಯಲ್ಲೇ. ಪೇಟೆಯ ಇಕ್ಕಟ್ಟಿನಲ್ಲಿ ಸಾವು ನೋವಾಗಿ, ಜನ ಊರಾಚೆ ಮನೆ ಮಾಡಿಕೊಳ್ಳಲು ಹೊರಟಾಗ ಬಸವನಗುಡಿ, ಮಲ್ಲೇಶ್ವರ ಬೆಳೆದವು. ರೈಲು ಕಾಳನ್ನೂ ತರುತ್ತದೆ, ಕಾಯಿಲೆಯನ್ನೂ ತರುತ್ತದೆ. ಜ್ವರ, ಕೆಮ್ಮು ಇದ್ದರೆ ಪ್ರಯಾಣ ಮುಂದಕ್ಕೆ ಹಾಕಿ, ಹಾಕಲಾಗದಿದ್ದರೆ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಗಾಡಿ ನಿಲ್ದಾಣದಲ್ಲಿ ನಿಂತಿರುವಾಗ ಶೌಚಾಲಯಕ್ಕೆ ಹೋದರೆ ಬಳಸಿದ ಮೇಲೆ ನೀರು ಹಾಕಿ ಬನ್ನಿ, ನಿಮ್ಮ ಹಿಂದೆ ಬರುವವರೂ ಮನುಷ್ಯರೇ.

ವಯಸ್ಸಾದವರನ್ನು ಒಬ್ಬರನ್ನೇ ಕಳಿಸುವುದಿದ್ದರೆ ಕೆಳಗಿನ ಬರ್ತ್ ಸಿಗುವ ಹಾಗೆ ಟಿಕೆಟ್ ತೆಗೆಯಿರಿ, ಅದಕ್ಕೆ ಬೇರೆ ಕೋಟಾ ಇದೆ. ನಡೆಯಲಾಗದಿದ್ದರೆ ಗಾಲಿಕುರ್ಚಿ ಕೇಳಿ ಪಡೆಯಿರಿ, ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಅವರ ಜೇಬಿನಲ್ಲಿ ಗಾಡಿಯ ನಂಬರು, ಬೋಗಿ, ಬರ್ತ್, ಇಳಿಯುವ ಊರು, ನಿಮ್ಮ ಫೋನ್ ನಂಬರು ಬರೆದ ಚೀಟಿ ಇಡಿ. ಮೊಬೈಲಿನಲ್ಲಿದೆ ಅನ್ನಬೇಡಿ, ಮೊಬೈಲಿನ ಬ್ಯಾಟರಿ ಸರಿಯಾದ ಹೊತ್ತಿಗೇ ಕೈ ಕೊಡುತ್ತದೆ. ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಪ್ಲಾಟ್‌ಫಾರಮ್ಮಿನ ಮೇಲಿನ ಬೋರ್ಡಿನಲ್ಲಿ ಬರುತ್ತದೆ, ಅಲ್ಲೇ ಹೋಗಿ ನಿಂತಿರಿ. ಗಾಡಿ ಬಂದ ಮೇಲೆ ಅಜ್ಜಿಯ ಕೈ ಹಿಡಿದು ಹದಿನೈದು ಬೋಗಿ ಓಡಿಸಬೇಡಿ.

ಹೆಸರಿನ ವಿಷಯದಲ್ಲಿ ಒಂದು ಮಾತು. ಇಷ್ಟು ವರ್ಷ ಸಿಟಿ ಸ್ಟೇಷನ್ ಅಂದ ಬಾಯಿಗೆ ಹೊಸ ಹೆಸರು ಉದ್ದ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೂ ಮಕ್ಕಳಿಗೆ ಪೂರ್ತಿ ಹೆಸರನ್ನು ಒಂದು ಸಲವಾದರೂ ಹೇಳಿಸಿ. ಕಿತ್ತೂರಿನ ರಾಣಿ ಚೆನ್ನಮ್ಮನ ಬಂಟ, ಬ್ರಿಟಿಷರ ಎದುರು ಕಾದಾಡಿ 1831ರಲ್ಲಿ ನಂದಗಡದಲ್ಲಿ ನೇಣಿಗೆ ಏರಿದವನು ಸಂಗೊಳ್ಳಿ ರಾಯಣ್ಣ. ಬೆಳಗಾವಿ ಕಡೆಗೆ ರಾತ್ರಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೇ ನಿಲ್ದಾಣದಿಂದ ಹೊರಡುತ್ತದೆ. ರಾಣಿಯ ಹೆಸರಿನ ಗಾಡಿ ಬಂಟನ ಹೆಸರಿನ ನಿಲ್ದಾಣದಿಂದ ಹೊರಟು, ಇಬ್ಬರೂ ಹುಟ್ಟಿ ಬೆಳೆದ ಸೀಮೆಗೆ ಹೋಗುತ್ತದೆ. ನಮ್ಮ ಮನೆಯ ಮಕ್ಕಳಿಗೆ ನಾನು ಇದನ್ನು ಪ್ಲಾಟ್‌ಫಾರಮ್ಮಿನಲ್ಲಿ ನಿಂತೇ ಹೇಳಿದೆ. ಕಾಯುವ ಹೊತ್ತಿನಲ್ಲಿ ಮೊಬೈಲು ಕೊಡುವ ಬದಲು ನೀವೂ ಹೇಳಿ.

ಇನ್ನು ವಾಪಸ್ ಬರುವ ದಿನ. ಚೆನ್ನೈ ಕಡೆಯಿಂದ ಬರುವ ಗಾಡಿಗಳಲ್ಲಿ ಹೆಚ್ಚಿನವು ಕೃಷ್ಣರಾಜಪುರ, ದಂಡು ದಾಟಿಯೇ ಸಿಟಿಗೆ ಬರುತ್ತವೆ. ನಿಮ್ಮ ಮನೆ ವೈಟ್‌ಫೀಲ್ಡಿನ ಕಡೆ ಇದ್ದರೆ ಕೃಷ್ಣರಾಜಪುರದಲ್ಲೇ ಇಳಿದು ಮೆಟ್ರೊ ಹಿಡಿಯಿರಿ, ಶಿವಾಜಿನಗರ, ಫ್ರೇಜರ್ ಟೌನಿನವರು ದಂಡಿನಲ್ಲಿ ಇಳಿಯಿರಿ. ಮೈಸೂರಿನಿಂದ ಬರುವವರಿಗೆ ಕೆಂಗೇರಿ ಇದೆ. ಇಳಿಯುವ ಹತ್ತು ನಿಮಿಷ ಮೊದಲೇ ಎದ್ದು, ಚಪ್ಪಲಿ ಹುಡುಕಿ, ಮಕ್ಕಳನ್ನು ಎಬ್ಬಿಸಿ, ಬ್ಯಾಗು ಎಣಿಸಿ. ದಂಡಿನಲ್ಲಿ ಗಾಡಿ ತುಂಬ ಹೊತ್ತು ನಿಲ್ಲುವುದಿಲ್ಲ. ಕರೆದುಕೊಂಡು ಹೋಗಲು ಬಂದವರಿಗೆ ಮುಂದಿನ ಬಾಗಿಲೋ ಹಿಂದಿನ ಬಾಗಿಲೋ ಮೊದಲೇ ಹೇಳಿ. ಮನೆ ಸೇರಿದ ಮೇಲೆ ನನಗೂ ಒಂದು ಫೋನ್ ಮಾಡಿ, ಎಷ್ಟು ಹೊತ್ತಾದರೂ ಪರವಾಗಿಲ್ಲ, ನಾನು ಎಚ್ಚರವಾಗಿಯೇ ಇರುತ್ತೇನೆ.